ಹೆಸರು ನೀಲಿ, ಬೆಳಕು ನೇರಳೆ: ಹೈ-ಡೆಫಿನಿಷನ್ ಡಿಸ್ಕ್ ಯಂತ್ರಗಳ ಮೊದಲ ವರ್ಷಗಳು

2003ರ ಏಪ್ರಿಲ್ 10ರಂದು ಸೋನಿಯ ಹೊಸ ಯಂತ್ರವೊಂದು ಜಪಾನಿನ ಅಂಗಡಿಗಳಿಗೆ ಬಂತು. ಹೆಸರು ಬಿಡಿಝಡ್-ಎಸ್77. ಬೆಲೆ ನಾಲ್ಕೂವರೆ ಲಕ್ಷ ಯೆನ್, ಆಗಿನ ಲೆಕ್ಕದಲ್ಲಿ 3,800 ಡಾಲರಿನ ಆಸುಪಾಸು. ಅದಕ್ಕೆ ಹಾಕುವ ಖಾಲಿ ಡಿಸ್ಕ್ ಒಂದಕ್ಕೇ 3,500 ಯೆನ್. ಮನೆಬಳಕೆಗೆ ಬಂದ ಜಗತ್ತಿನ ಮೊದಲ ಬ್ಲೂ-ರೇ ಯಂತ್ರ ಇದು. ಆದರೆ ಇದರಲ್ಲಿ ಹಾಕಿ ನೋಡಲು ಒಂದೇ ಒಂದು ಬ್ಲೂ-ರೇ ಸಿನಿಮಾ ಇರಲಿಲ್ಲ. ಮೂರು ವರ್ಷ ಕಳೆದು ಸಿನಿಮಾ ಡಿಸ್ಕ್‌ಗಳು ಬಂದಾಗಲೂ ಇಷ್ಟು ದುಬಾರಿ ಯಂತ್ರಕ್ಕೆ ಅವನ್ನು ಓದಲಾಗಲಿಲ್ಲ.

ಇದನ್ನು ಸೋನಿಯ ಎಡವಟ್ಟು ಎಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಹೈ-ಡೆಫಿನಿಷನ್ ಡಿಸ್ಕಿನ ಚರಿತ್ರೆಯನ್ನು ಸಾಮಾನ್ಯವಾಗಿ 2006ರಿಂದ ಶುರುಮಾಡಿ, ಹಾಲಿವುಡ್ ಸ್ಟುಡಿಯೋಗಳು ಎರಡು ಬಣವಾಗಿ ಕಾದಾಡಿದ ಕಥೆಯಾಗಿ ಹೇಳುವ ರೂಢಿಯಿದೆ. ಆ ಕಥೆಯಲ್ಲಿ ಡಿಸ್ಕ್ ಎಂದರೆ ಸಿನಿಮಾ, ಯಂತ್ರ ಎಂದರೆ ಪ್ಲೇಯರ್. ಮೊದಲ ಯಂತ್ರಗಳನ್ನೇ ಎದುರಿಗಿಟ್ಟುಕೊಂಡು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಬ್ಲೂ-ರೇ ಹುಟ್ಟಿದ್ದು ನೋಡುವ ಯಂತ್ರವಾಗಿ ಅಲ್ಲ, ಬರೆದುಕೊಳ್ಳುವ ಯಂತ್ರವಾಗಿ. ಅದರ ಎದುರಿಗಿದ್ದದ್ದು ಹಾಲಿವುಡ್ ಅಲ್ಲ, ಜಪಾನಿನ ದೂರದರ್ಶನ.

ಜಪಾನಿನಲ್ಲಿ ಉಪಗ್ರಹದ ಡಿಜಿಟಲ್ ಪ್ರಸಾರ ಆರಂಭವಾದದ್ದು 2000ದ ಡಿಸೆಂಬರ್ 1ರಂದು. ಹೈ-ಡೆಫಿನಿಷನ್ ಕಾರ್ಯಕ್ರಮಗಳು ಸೆಕೆಂಡಿಗೆ 24 ಮೆಗಾಬಿಟ್‌ನಷ್ಟು ವೇಗದಲ್ಲಿ ಮನೆಗೆ ಬಂದು ಬೀಳತೊಡಗಿದವು. ಅದನ್ನು ಹಾಗೆಯೇ ಹಿಡಿದಿಡಲು ಹೊರಟರೆ 4.7 ಗಿಗಾಬೈಟಿನ ಡಿವಿಡಿ ಇಪ್ಪತ್ತಾರು ನಿಮಿಷಕ್ಕೆ ತುಂಬಿಹೋಗುತ್ತದೆ. ಬಿಡಿಝಡ್-ಎಸ್77ರ ಡಿಸ್ಕಿನ ಅಳತೆ 23 ಗಿಗಾಬೈಟ್. ಇದೇ ವೇಗದಲ್ಲಿ ಭಾಗಿಸಿದರೆ ಎರಡು ಗಂಟೆಯ ಮೇಲೆ ಏಳೆಂಟು ನಿಮಿಷ, ಅಂದರೆ ಜಾಹೀರಾತಿನ ಸಮೇತ ಸಂಜೆಯ ಒಂದು ದೊಡ್ಡ ಕಾರ್ಯಕ್ರಮ. ಈ ಯಂತ್ರದೊಳಗೆ ಉಪಗ್ರಹ ಪ್ರಸಾರದ ಟ್ಯೂನರ್ ಕೂಡ ಇತ್ತು ಎಂಬುದನ್ನು ಜತೆಗಿಟ್ಟು ನೋಡಿದರೆ, ಇದನ್ನು ಯಾರಿಗಾಗಿ ಮಾಡಿದ್ದರು ಎಂಬುದು ಸ್ಪಷ್ಟವಾಗುತ್ತದೆ.

ಇಷ್ಟನ್ನು ಅದೇ 12 ಸೆಂಟಿಮೀಟರ್ ಬಿಲ್ಲೆಯಲ್ಲಿ ತುರುಕಿದ್ದು ಹೇಗೆ? ಲೇಸರ್ ಕಿರಣ ಡಿಸ್ಕಿನ ಮೇಲೆ ಮೂಡಿಸುವ ಚುಕ್ಕೆ ಎಷ್ಟು ಸಣ್ಣದೋ, ಅಷ್ಟು ಒತ್ತೊತ್ತಾಗಿ ಬರೆಯಬಹುದು. ಬೆಳಕಿನ ಅಲೆಯುದ್ದ ಕಡಿಮೆಯಾದಷ್ಟೂ, ಮಸೂರ ಬೆಳಕನ್ನು ಅಗಲವಾದ ಕೋನದಿಂದ ಒಟ್ಟುಗೂಡಿಸಿದಷ್ಟೂ ಚುಕ್ಕೆ ಸಣ್ಣದಾಗುತ್ತದೆ. ಡಿವಿಡಿಯದು 650 ನ್ಯಾನೋಮೀಟರಿನ ಕೆಂಪು ಬೆಳಕು, ಮಸೂರದ ಅಂಕ (ಆ ಕೋನದ ಅಳತೆ) 0.60. ಬ್ಲೂ-ರೇಯದು 405 ನ್ಯಾನೋಮೀಟರ್, ಅಂಕ 0.85. ಅಲೆಯುದ್ದವನ್ನು ಅಂಕದಿಂದ ಭಾಗಿಸಿ, ಬಂದ ಎರಡು ಅನುಪಾತಗಳನ್ನು ಹೋಲಿಸಿ ವರ್ಗ ಮಾಡಿದರೆ ಐದಕ್ಕಿಂತ ತುಸು ಹೆಚ್ಚು ಬರುತ್ತದೆ. 4.7ನ್ನು ಅದರಿಂದ ಗುಣಿಸಿದರೆ ಉತ್ತರ 24ರ ಮೇಲೆ ಚೂರು. ಮುಂದೆ ನಿಗದಿಯಾದ 25 ಗಿಗಾಬೈಟ್ ಎಂಬ ಅಂಕಿಯ ಗುಟ್ಟು ಬಹುಪಾಲು ಇಷ್ಟೇ. ಅಂದಹಾಗೆ, 405 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ನೀಲಿಯಲ್ಲ, ಅಪ್ಪಟ ನೇರಳೆ. ಹೆಸರಿಟ್ಟವರು ಬಣ್ಣದಲ್ಲೂ ಇಂಗ್ಲಿಷಿನ ಕಾಗುಣಿತದಲ್ಲೂ ಸ್ವಲ್ಪ ಸ್ವಾತಂತ್ರ್ಯ ವಹಿಸಿದ್ದರು.

ಆ ನೇರಳೆ ಬೆಳಕು ಬಂದದ್ದು ಶಿಕೊಕು ದ್ವೀಪದ ಅನಾನ್ ಎಂಬ ಊರಿನಿಂದ. ಅಲ್ಲಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಗ್ಯಾಲಿಯಂ ನೈಟ್ರೈಡನ್ನು ಪಳಗಿಸಿ, 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನು ಹೊರತಂದರು. ಅದೇ ದಾರಿಯಲ್ಲಿ ಲೇಸರ್ ಕೂಡ ಸಿದ್ಧವಾಗಿ, 1999ರಲ್ಲಿ ನಿಚಿಯಾ ಅದರ ಮಾರಾಟಕ್ಕೆ ತೊಡಗಿತು. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಜೊತೆಗೆ ನಕಮುರಾ ಅವರಿಗೆ 2014ರ ನೊಬೆಲ್ ಸಂದದ್ದು ಎಲ್‌ಇಡಿಗಾಗಿ. ಆದರೆ ಲೇಸರ್ ಇಲ್ಲದೆ ಈ ಲೇಖನದ ಯಾವ ಯಂತ್ರವೂ ಇಲ್ಲ. 2000ದ ಅಕ್ಟೋಬರಿನಲ್ಲಿ ಸೋನಿ ಮತ್ತು ಪಯೋನಿಯರ್ ಜಂಟಿಯಾಗಿ ತೋರಿಸಿದ ಮಾದರಿಗೆ ಡಿವಿಆರ್ ಬ್ಲೂ ಎಂಬ ಹೆಸರಿತ್ತು. 2002ರ ಫೆಬ್ರವರಿ 19ರಂದು ಒಂಬತ್ತು ಕಂಪನಿಗಳು ಒಟ್ಟುಗೂಡಿ ಬ್ಲೂ-ರೇ ಡಿಸ್ಕ್ ಎಂದು ಘೋಷಿಸಿದವು. ಡಿವಿಡಿ ಕಟ್ಟುವಾಗ ಮುಂದಾಳಾಗಿದ್ದ ತೋಶಿಬಾ ಆ ಒಂಬತ್ತರಲ್ಲಿ ಇರಲಿಲ್ಲ. ಈ ದಿನಾಂಕ ನೆನಪಿರಲಿ.

ಮನೆಯಲ್ಲಿ ಹೈ-ಡೆಫಿನಿಷನ್ ಡಿಸ್ಕ್ ಎಂಬ ಕಲ್ಪನೆ ಜಪಾನೀಯರಿಗೆ ಹೊಸದೇನೂ ಅಲ್ಲ. 1994ರಲ್ಲೇ ಅಲ್ಲಿ ಹೈ-ವಿಷನ್ ಲೇಸರ್ ಡಿಸ್ಕ್ ಬಂದಿತ್ತು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ರೂಪಿಸಿದ ಮ್ಯೂಸ್ ಎಂಬ ಅನಲಾಗ್ ಪದ್ಧತಿಯಲ್ಲಿ ಕುಗ್ಗಿಸಿದ ಚಿತ್ರವನ್ನು ಊಟದ ತಟ್ಟೆಯಷ್ಟು ಅಗಲದ 30 ಸೆಂಟಿಮೀಟರ್ ಡಿಸ್ಕಿನಲ್ಲಿ ಅಚ್ಚು ಮಾಡುತ್ತಿದ್ದರು. ಆದರೆ ಅದು ನೋಡಲಷ್ಟೇ. ಮನೆಯಲ್ಲಿ ಅದರ ಮೇಲೆ ಏನನ್ನೂ ಬರೆಯುವಂತಿರಲಿಲ್ಲ. ಹೈ-ಡೆಫಿನಿಷನ್ ಪ್ರಸಾರವನ್ನು ಹಿಡಿದಿಡಬೇಕಾದರೆ ಜೆವಿಸಿಯ ಟೇಪುಗಳೇ ಗತಿ. ಬಿಡಿಝಡ್-ಎಸ್77 ತುಂಬಲು ಹೊರಟದ್ದು ಈ ಖಾಲಿ ಜಾಗವನ್ನು.

ಆದರೆ ಈ ಜಾಣತನಕ್ಕೊಂದು ಬೆಲೆಯೂ ಇತ್ತು. ಮಸೂರದ ಅಂಕವನ್ನು 0.85ಕ್ಕೆ ಏರಿಸಿದ್ದರಿಂದ ಮಾಹಿತಿಯ ಪದರ ಡಿಸ್ಕಿನ ಮೇಲ್ಮೈಗೆ ತೀರಾ ಹತ್ತಿರ ಬರಬೇಕಾಯಿತು. ಡಿವಿಡಿಯಲ್ಲಿ ಪದರದ ಮೇಲೆ 0.6 ಮಿಲಿಮೀಟರ್ ಪ್ಲಾಸ್ಟಿಕ್ ಹೊದಿಕೆಯಿದ್ದರೆ, ಇಲ್ಲಿ ಬರೀ 0.1. ಬೆರಳಿನ ಜಿಡ್ಡು ಅಂಟಿದರೂ, ಸಣ್ಣ ಗೀರು ಬಿದ್ದರೂ ಓದುವ ಕಿರಣ ತಬ್ಬಿಬ್ಬು. ಅದಕ್ಕೇ ಮೊದಲ ಡಿಸ್ಕುಗಳನ್ನು ಪ್ಲಾಸ್ಟಿಕ್ ಕ್ಯಾಟ್ರಿಜ್ ಒಳಗೆ ಕೂಡಿಹಾಕಿ ಮಾರಿದರು. 2004ರಲ್ಲಿ ಟಿಡಿಕೆ ಕಂಪನಿ ಗೀರು ತಾಳುವ ಗಟ್ಟಿ ಲೇಪವನ್ನು ರೂಪಿಸಿದ ಮೇಲೆ ಡಿಸ್ಕ್ ಕ್ಯಾಟ್ರಿಜ್ ಕಳಚಿ ಹೊರಬಂತು. ಹಳೆಯ ಕ್ಯಾಟ್ರಿಜ್‌ಗಳು ಹೊಸ ಯಂತ್ರಗಳ ಟ್ರೇಯಲ್ಲಿ ಹಿಡಿಸಲಿಲ್ಲ.

ಈ 0.1 ಮಿಲಿಮೀಟರ್ ಎರಡು ಬಣಗಳ ಜಗಳದ ಮೂಲವೂ ಹೌದು. ತೋಶಿಬಾ ಮತ್ತು ಎನ್‌ಇಸಿ ಕಟ್ಟಿದ ಎಚ್‌ಡಿ ಡಿವಿಡಿಯಲ್ಲೂ ಅದೇ ನೇರಳೆ ಲೇಸರ್ ಇತ್ತು. ಆದರೆ ಹೊದಿಕೆಯನ್ನು ಡಿವಿಡಿಯಂತೆ 0.6ಕ್ಕೇ ಉಳಿಸಿ, ಮಸೂರದ ಅಂಕವನ್ನು 0.65ಕ್ಕೆ ನಿಲ್ಲಿಸಿದರು. ಇದರಿಂದ ಹಳೆಯ ಡಿವಿಡಿ ಕಾರ್ಖಾನೆಗಳಲ್ಲೇ ಅಲ್ಪಸ್ವಲ್ಪ ಮಾರ್ಪಾಡು ಮಾಡಿ ಡಿಸ್ಕ್ ಅಚ್ಚು ಮಾಡಬಹುದಿತ್ತು. ಅದಕ್ಕೆ ತೆತ್ತ ಬೆಲೆ, ಪದರವೊಂದಕ್ಕೆ 25ರ ಬದಲು 15 ಗಿಗಾಬೈಟ್. ಅಚ್ಚು ಹಾಕುವವನ ಕಣ್ಣಿನಿಂದ ನೋಡಿದರೆ ತೋಶಿಬಾದ್ದು ಸರಿ, ರೆಕಾರ್ಡ್ ಮಾಡುವವನ ಕಣ್ಣಿನಿಂದ ನೋಡಿದರೆ ಸೋನಿಯದು. ಸಿನಿಮಾ ಒಂದಕ್ಕೆ ಎರಡು ಪದರದ 30 ಗಿಗಾಬೈಟ್ ಧಾರಾಳವಾಗಿ ಸಾಕಿತ್ತು. ಪ್ರಸಾರವನ್ನು ಬಂದಂತೆಯೇ ಹಿಡಿಯುವವನಿಗೆ ಮಾತ್ರ ಪ್ರತಿ ಗಿಗಾಬೈಟಿಗೂ ಬೆಲೆಯಿತ್ತು.

2004ರ ಜುಲೈನಲ್ಲಿ ಪ್ಯಾನಾಸೋನಿಕ್ ತನ್ನ ಡಿಎಂಆರ್-ಇ700ಬಿಡಿ ರೆಕಾರ್ಡರಿನೊಂದಿಗೆ 50 ಗಿಗಾಬೈಟಿನ ಎರಡು ಪದರದ ಡಿಸ್ಕನ್ನು ತಂದಿತು. ಅದೇ ವರ್ಷದ ಕೊನೆಗೆ ಶಾರ್ಪ್ ತನ್ನ ಯಂತ್ರದಲ್ಲಿ ಹಾರ್ಡ್ ಡಿಸ್ಕನ್ನೂ ಸೇರಿಸಿತು. ಈ ಸಣ್ಣ ಬದಲಾವಣೆ ಬಳಕೆಯ ಕ್ರಮವನ್ನೇ ತಿರುಗಿಸಿತು. ಎಲ್ಲವನ್ನೂ ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಬೇಕಾದದ್ದನ್ನು ಮಾತ್ರ ಡಿಸ್ಕಿಗೆ ಸಾಗಿಸುವ ಪದ್ಧತಿ ನೆಲೆಯೂರಿತು. ಅಷ್ಟರಲ್ಲೇ, 2004ರ ಏಪ್ರಿಲಿನಿಂದ, ಜಪಾನಿನ ಪ್ರಸಾರಕರು ಡಿಜಿಟಲ್ ಕಾರ್ಯಕ್ರಮಗಳನ್ನು ಒಂದೇ ಸಲ ನಕಲು ಮಾಡಬಹುದೆಂಬ ನಿರ್ಬಂಧ ಹೇರಿದ್ದರು. ಹಾರ್ಡ್ ಡಿಸ್ಕಿನಿಂದ ಬ್ಲೂ-ರೇಗೆ ಸಾಗಿಸಿದೊಡನೆ ಮೂಲ ಅಳಿಯುತ್ತಿತ್ತು. ಸಾಗಿಸುವಾಗ ಡಿಸ್ಕ್ ಕೆಟ್ಟರೆ ಎರಡೂ ಇಲ್ಲ. 2008ರ ಜುಲೈನಲ್ಲಿ ಒಂದರ ಬದಲು ಹತ್ತು ಸಲಕ್ಕೆ ಅನುಮತಿ ಸಿಗುವವರೆಗೂ ಈ ಅಳುಕಿನಲ್ಲೇ ಬಳಕೆದಾರರು ರಿಮೋಟಿನ ಗುಂಡಿ ಒತ್ತುತ್ತಿದ್ದರು.

ಅಮೆರಿಕಕ್ಕೆ ಈ ತಂತ್ರಜ್ಞಾನ ಬಂದದ್ದು 2006ರಲ್ಲಿ, ಪ್ಲೇಯರಿನ ರೂಪದಲ್ಲಿ. ತೋಶಿಬಾದ ಎಚ್‌ಡಿ-ಎ1 ಏಪ್ರಿಲ್‌ನಲ್ಲಿ 499 ಡಾಲರಿಗೆ ಮಾರಾಟಕ್ಕೆ ಬಂತು. ಮೊದಲ ಸಿನಿಮಾಗಳ ಸಾಲಿನಲ್ಲಿ ದ ಲಾಸ್ಟ್ ಸಮುರಾಯ್ ಇತ್ತು. ಮುಚ್ಚಳ ತೆಗೆದು ನೋಡಿದವರಿಗೆ ನಗು ಬಂದಿರಬೇಕು. ಒಳಗಿದ್ದದ್ದು ಒಂದು ಪೆಂಟಿಯಂ 4 ಕಂಪ್ಯೂಟರ್, ಒಂದು ಗಿಗಾಬೈಟ್ ಮೆಮೊರಿ, ಮೇಲೆ ಲಿನಕ್ಸ್. ಆನ್ ಮಾಡಿದರೆ ಕಂಪ್ಯೂಟರಿನಂತೆಯೇ ಕಾಯಿಸುತ್ತಿತ್ತು. ಬಿಡಿಭಾಗಗಳ ವೆಚ್ಚವೇ ಮಾರಾಟದ ಬೆಲೆಯನ್ನು ಮೀರಿದೆ ಎಂದು ಐಸಪ್ಲೈ ಸಂಸ್ಥೆ ಲೆಕ್ಕ ಹಾಕಿತ್ತು. ಜೂನ್‌ನಲ್ಲಿ ಬಂದ ಸ್ಯಾಮ್ಸಂಗ್‌ನ ಬಿಡಿ-ಪಿ1000 ಬೆಲೆಯಲ್ಲಿ ಇದರ ಎರಡರಷ್ಟು, ಸಾವಿರ ಡಾಲರ್. ಅದರಲ್ಲಿ ಚಿತ್ರದ ಕಾಳುಕಾಳನ್ನು ಸವರುವ ಚಿಪ್ ಅತಿಯಾಗಿ ಕೆಲಸ ಮಾಡಿ ಚಿತ್ರವೇ ಮಂಕಾಗಿ ಕಾಣುತ್ತಿತ್ತು. ಆರಂಭದ ಡಿಸ್ಕುಗಳೂ ಹೊಗಳುವಂತಿರಲಿಲ್ಲ: ಒಂದೇ ಪದರ, ಪ್ರಸಾರದಲ್ಲಿ ಬಳಕೆಯಲ್ಲಿದ್ದ ಹಳೆಯ ಎಂಪೆಗ್-2 ಪದ್ಧತಿ. ದ ಫಿಫ್ತ್ ಎಲಿಮೆಂಟ್ ಸಿನಿಮಾದ ಮೊದಲ ಡಿಸ್ಕ್ ಟೀಕೆಗೆ ಗುರಿಯಾಗಿ, ಮುಂದೆ ಅದನ್ನು ಹೊಸದಾಗಿ ಸಿದ್ಧಪಡಿಸಬೇಕಾಯಿತು.

ಕಂಪ್ಯೂಟರಿನ ಬರ್ನರುಗಳ ಕಥೆ ಇನ್ನೂ ವಿಚಿತ್ರ. 2006ರಲ್ಲಿ ಬಂದ ಪಯೋನಿಯರ್ ಬಿಡಿಆರ್-101ಎ ಸುಮಾರು ಸಾವಿರ ಡಾಲರಿನದು. 25 ಗಿಗಾಬೈಟ್ ಬರೆಯುತ್ತಿತ್ತು, ಡಿವಿಡಿ ಬರೆಯುತ್ತಿತ್ತು. ಆದರೆ ನೂರು ರೂಪಾಯಿಗೆ ಸಿಗುತ್ತಿದ್ದ ಹಾಡಿನ ಸಿಡಿ ಹಾಕಿದರೆ ಓದುತ್ತಲೇ ಇರಲಿಲ್ಲ. ಆಗಸ್ಟ್‌ನಲ್ಲಿ 750 ಡಾಲರಿಗೆ ಬಂದ ಸೋನಿಯ ಬಿಡಬ್ಲ್ಯೂಯು-100ಎ ಸಿಡಿಯನ್ನೂ ಸುಡುತ್ತಿತ್ತು, 50 ಗಿಗಾಬೈಟಿನ ಡಿಸ್ಕನ್ನೂ ಸುಡುತ್ತಿತ್ತು. ಅಂಗಡಿಯಿಂದ ತಂದ ಬ್ಲೂ-ರೇ ಸಿನಿಮಾ ಮಾತ್ರ ಅದರಲ್ಲಿ ಓಡಲಿಲ್ಲ. ಬ್ಲೂ-ರೇಯ ಮೂಲವೇಗ ಸೆಕೆಂಡಿಗೆ 4.5 ಮೆಗಾಬೈಟ್, ಎರಡರಷ್ಟು ವೇಗದಲ್ಲಿ ಸುಟ್ಟರೂ ಒಂದು ಡಿಸ್ಕಿಗೆ ಮುಕ್ಕಾಲು ಗಂಟೆ. ಕೊನೆಯ ನಿಮಿಷದಲ್ಲಿ ಕೆಟ್ಟರೆ ದುಬಾರಿ ಬಿಲ್ಲೆಯೊಂದು ಕಸದ ಬುಟ್ಟಿಗೆ. ತೋಶಿಬಾ ಕೂಡ ಆ ಜುಲೈನಲ್ಲಿ ಜಪಾನಿಗೆ ಆರ್‌ಡಿ-ಎ1 ಎಂಬ ಎಚ್‌ಡಿ ಡಿವಿಡಿ ರೆಕಾರ್ಡರನ್ನು ಬಿಟ್ಟಿತು: ಒಂದು ಟೆರಾಬೈಟ್ ಹಾರ್ಡ್ ಡಿಸ್ಕ್, 3,98,000 ಯೆನ್.

ಮುಂದಿನದು ಬಹಳ ಸಲ ಹೇಳಿದ ಕಥೆ, ಬೇಗ ದಾಟಬಹುದು. 2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3 ಬಂದು, ಆಟದ ನೆಪದಲ್ಲಿ ಬ್ಲೂ-ರೇಯನ್ನು ಮನೆಮನೆಗೆ ತಲುಪಿಸಿತು. ನೇರಳೆ ಡಯೋಡುಗಳ ಕೊರತೆಯಿಂದ ಯುರೋಪಿಗೆ ಅದು ತಲುಪುವಾಗ 2007ರ ಮಾರ್ಚ್ ಆಗಿತ್ತು. 2007ರ ನವೆಂಬರಿನಲ್ಲಿ ವಾಲ್‌ಮಾರ್ಟ್ ತೋಶಿಬಾದ ಎಚ್‌ಡಿ-ಎ2 ಪ್ಲೇಯರನ್ನು 100 ಡಾಲರಿಗಿಂತ ಕಡಿಮೆಗೆ ಮಾರಿದರೂ ಗಾಳಿ ತಿರುಗಲಿಲ್ಲ. 2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಬ್ಲೂ-ರೇ ಕಡೆಗೆ ವಾಲಿತು. ಫೆಬ್ರವರಿ 19ರಂದು ತೋಶಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಒಂಬತ್ತು ಕಂಪನಿಗಳ ಘೋಷಣೆಗೆ ಅಂದಿಗೆ ಸರಿಯಾಗಿ ಆರು ವರ್ಷ.

ಗೆದ್ದದ್ದು ಪ್ಲೇಯರ್. ಟ್ಯೂನರಿರುವ ರೆಕಾರ್ಡರ್ ಅಮೆರಿಕದ ಅಂಗಡಿಗಳಲ್ಲಿ ನೆಲೆ ಕಾಣಲಿಲ್ಲ. ಅಲ್ಲಿ ಕೇಬಲ್ ಕಂಪನಿಯ ಬಾಡಿಗೆ ಪೆಟ್ಟಿಗೆಯಲ್ಲಿನ ಹಾರ್ಡ್ ಡಿಸ್ಕೇ ಆ ಕೆಲಸ ಮಾಡುತ್ತಿತ್ತು. ಜಪಾನಿನಲ್ಲಿ ಅದು ವರ್ಷಗಟ್ಟಲೆ ಬಾಳಿತು. 2009ರಲ್ಲಿ ತೋಶಿಬಾವೂ ಬ್ಲೂ-ರೇ ಬಣ ಸೇರಿತು. ಪ್ಯಾನಾಸೋನಿಕ್ 2023ರ ಫೆಬ್ರವರಿಯಲ್ಲಿ ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ನಿಲ್ಲಿಸಿತು. ಎರಡು ವರ್ಷದ ಮೇಲೆ, 2025ರ ಫೆಬ್ರವರಿಯಲ್ಲಿ, ಸೋನಿಯೂ ಮನೆಯಲ್ಲಿ ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳನ್ನು ಮಾಡುವುದನ್ನು ಬಿಟ್ಟಿತು. ಸಿನಿಮಾದ ಡಿಸ್ಕುಗಳು ಈಗಲೂ ಅಚ್ಚಾಗುತ್ತಿವೆ.