ಕಾರ್ಖಾನೆ ನಿಂತಿತು, ಅಕೇಶಿಯಾ ಉಳಿಯಿತು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಪಕ್ಕ ಸಾಲಾಗಿ ನಿಂತ ಅಕೇಶಿಯಾ ಮರಗಳನ್ನು ನಾವೆಲ್ಲ ನೋಡಿದ್ದೇವೆ. ಈ ನೆಡುತೋಪುಗಳ ಕಥೆ ಶುರುವಾಗುವುದು ನಮ್ಮೂರಿನಲ್ಲಲ್ಲ, ಭದ್ರಾವತಿಯಲ್ಲಿ.

ಹಿಂದೆ ಬೆಂಕಿಪುರ ಎನ್ನುತ್ತಿದ್ದ ಆ ಊರಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಅದರ ಕನಸು ಕಂಡವರು ಸರ್ ಎಂ. ವಿಶ್ವೇಶ್ವರಯ್ಯ. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲ. ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಲ್ಲೇ ಕುಲುಮೆ ಉರಿಯಿತು. 1948ರಲ್ಲಿ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಸಾಗರ, ಹೊಸನಗರದ ಎಷ್ಟೋ ಊರುಗಳು ಮುಳುಗಿದವು. ನಾಡಿನ ಕೈಗಾರಿಕೆಗೆ ಮರವನ್ನೂ ನೀರನ್ನೂ ಕೊಟ್ಟದ್ದು ನಮ್ಮ ಮಲೆನಾಡು.

1936ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಹುಟ್ಟಿತು. 1980ರ ದಶಕದಲ್ಲಿ ಅಲ್ಲಿ ನ್ಯೂಸ್‌ಪ್ರಿಂಟ್ ತಯಾರಾಗತೊಡಗಿತು. ಅದರ ಕಚ್ಚಾವಸ್ತುವಿಗೆಂದು ಸರ್ಕಾರ 1980ರಲ್ಲಿ ಶಿವಮೊಗ್ಗ ಸುತ್ತಿನ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟಿತು. ಗುಡ್ಡಗಳ ಮೇಲೆ ನೀಲಗಿರಿ, ಅಕೇಶಿಯಾ ಎದ್ದವು.

ಆಮೇಲೆ ಇಳಿಗಾಲ. ಹಳೆಯ ಯಂತ್ರ, ಏರಿದ ಖರ್ಚು, ನಷ್ಟದ ಮೇಲೆ ನಷ್ಟ. ಕಬ್ಬಿಣದ ಕಾರ್ಖಾನೆ 1989ರಲ್ಲಿ ಸೈಲ್ ಕೈಗೆ ಹೋಯಿತು. ಎಂಪಿಎಂ 2015ರಲ್ಲಿ ನಿಂತಿತು. 2023ರ ಆರಂಭದಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಸುದ್ದಿ ಬಂತು. ಕಾರ್ಮಿಕರು ಹೋರಾಡಿದರು, ಅದೇ ವರ್ಷ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. ಸೈರನ್ ನಂಬಿ ಬದುಕಿದ ಊರಿಗೆ ಕಾರ್ಖಾನೆ ನಿಂತರೆ ಹೋಟೆಲು, ಅಂಗಡಿ, ಬಾಡಿಗೆ ಮನೆ ಎಲ್ಲಕ್ಕೂ ಪೆಟ್ಟು.

ಹಾಗಾದರೆ ಹೊಸ ಬದುಕು ಎಲ್ಲಿಂದ ಬರಬೇಕು? ಸಾಗರದ ಹತ್ತಿರದ ಹೆಗ್ಗೋಡು ಬೇರೊಂದು ದಾರಿ ಹಿಡಿದಿತ್ತು. 1949ರಲ್ಲಿ ಅಡಿಕೆ ಬೆಳೆಗಾರರ ನಡುವೆ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ದುಡಿಮೆಯಿಂದ, ದೇಶವೇ ಗುರುತಿಸುವ ರಂಗಶಾಲೆಯಾಯಿತು. 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಅಲ್ಲೇ ಚರಕ ಶುರುವಾಯಿತು. ಊರಿನ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ಬಟ್ಟೆ ನೇಯ್ದರು. ಅಡಿಕೆ ಬೇಯಿಸಿ ಉಳಿದ ಚೊಗರು ಬಣ್ಣವಾಯಿತು.

ಇದೇನು ಮಂತ್ರದಂಡವಲ್ಲ. 2020ರಲ್ಲಿ ಚರಕವೂ ಕೈಯಲ್ಲಿ ದುಡ್ಡಿಲ್ಲದೆ ಕೆಲಸ ನಿಲ್ಲಿಸಬೇಕಾಯಿತು. ಸಾವಿರಾರು ಜನರ ಸಂಬಳಕ್ಕೆ ಕೈಮಗ್ಗವೊಂದೇ ಸಾಟಿಯೂ ಅಲ್ಲ. ಆದರೆ ಕಾಡು ಕಡಿಯದೆ, ಊರು ಮುಳುಗಿಸದೆ ಅದು ಕೆಲಸ ಕೊಟ್ಟಿತು.

2020ರಲ್ಲಿ ಎಂಪಿಎಂ ಗುತ್ತಿಗೆ ಮುಗಿದಾಗ ಸರ್ಕಾರ ಅದನ್ನು ಮತ್ತೆ ನವೀಕರಿಸಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನ ಜನ ದನಿ ಎತ್ತಿದರು. ಭದ್ರಾವತಿಯ ಕಾರ್ಮಿಕರಿಗೆ ಕೆಲಸ ಬೇಕು, ನಮಗೆ ಗುಡ್ಡ ಬೇಕು. ಇವು ಎದುರುಬದುರು ಬೇಡಿಕೆಗಳಲ್ಲ. ಆ ನೆಲದಲ್ಲಿ ಮುಂದೆ ಏನು ಬೆಳೆಯಬೇಕೆಂದು ತೀರ್ಮಾನಿಸುವಾಗ ಗುಡ್ಡದ ಕೆಳಗಿನ ಊರನ್ನೂ ಕೇಳಬೇಕು. 1980ರಲ್ಲಿ ಕೇಳಿರಲಿಲ್ಲ.