ಸಮೀಪತಮ ನಕ್ಷತ್ರದ ಶೋಧ

ನಕ್ಷತ್ರಗಳ ಪಾಠ ಹೇಳುವಾಗ ನಾವು ಬಹುಕಾಲ ಒಂದು ತಪ್ಪನ್ನು ಕರಿಹಲಗೆಯ ಮೇಲೆ ಬರೆಯುತ್ತ ಬಂದೆವು. ಸೂರ್ಯನನ್ನು ಬಿಟ್ಟರೆ ಭೂಮಿಗೆ ಅತ್ಯಂತ ಸಮೀಪದ ನಕ್ಷತ್ರ ಯಾವುದೆಂಬ ಪ್ರಶ್ನೆಗೆ 'ಆಲ್ಫಾ ಸೆಂಟಾರಿ' ಎಂದು ಉತ್ತರ ಬರೆದು, ಮಕ್ಕಳು ಅದನ್ನು ಇಳಿಸಿಕೊಂಡ ಮೇಲೆ ಮುಂದಿನ ಪಾಠಕ್ಕೆ ಸಾಗುತ್ತಿದ್ದೆವು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, ತಾನು ಬೇರೊಂದು ಪುಸ್ತಕದಲ್ಲಿ 'ಪ್ರಾಕ್ಸಿಮಾ' ಎಂಬ ಹೆಸರನ್ನು ಓದಿರುವುದಾಗಿ ತಿಳಿಸಿ, "ಸಾರ್, ಎಲ್ಲಕ್ಕಿಂತ ಹತ್ತಿರದ್ದಾದರೆ ಎಲ್ಲಕ್ಕಿಂತ ಚೆನ್ನಾಗಿ ಕಾಣಬೇಕಲ್ಲವೆ? ಅದು ಯಾಕೆ ಕಾಣುವುದಿಲ್ಲ?" ಎಂದು ಕೇಳಿದ. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಅವನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಲ್ಲಿ ತಡವಾಗಿಯಾದರೂ ಬರೆಯುತ್ತಿದ್ದೇವೆ.

ಮೊದಲು ಆಕಾಶದಲ್ಲಿ ಆ ಸ್ಥಳವನ್ನು ಗುರುತಿಸಿಕೊಳ್ಳೋಣ. ಮೇ ತಿಂಗಳ ಕೊನೆಯಲ್ಲಿ, ರಾತ್ರಿ ಹತ್ತು ಗಂಟೆಯ ಹೊತ್ತಿಗೆ, ಹರೂರಿನ ಬಯಲಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತರೆ ಚಿತ್ತೇರಿ ಬೆಟ್ಟಗಳ ಮೇಲೆ ಎರಡು ಉಜ್ಜ್ವಲ ನಕ್ಷತ್ರಗಳು ಜೊತೆಯಾಗಿ ಕಾಣುವುವು. ಅವುಗಳ ಬಲಕ್ಕೆ ತ್ರಿಶಂಕು ಪಡುವಣಕ್ಕೆ ವಾಲಿರುತ್ತದೆ. ಎರಡರಲ್ಲಿ ಎಡಗಡೆಯದೇ ಕಿನ್ನರ ಪುಂಜದ ಆಲ್ಫಾ ಸೆಂಟಾರಿ. ರಾತ್ರಿಯ ಆಕಾಶದ ನಕ್ಷತ್ರಗಳಲ್ಲಿ ಕಾಂತಿಯಿಂದ ಮೂರನೆಯದು. ನಮ್ಮೂರಿನಿಂದ ಅದು ದಿಗಂತದಿಂದ ಹದಿನೇಳು ಅಂಶಗಳಿಗಿಂತ ಮೇಲೆ ಏರುವುದಿಲ್ಲ. ಲಂಡನ್, ಪ್ಯಾರಿಸ್ ನಗರಗಳವರಿಗಂತೂ ಅದು ಎಂದಿಗೂ ಉದಯಿಸುವುದೇ ಇಲ್ಲ. ಯುರೋಪಿನ ದೊಡ್ಡ ವೇಧಶಾಲೆಗಳು ಎಷ್ಟೇ ಸಮರ್ಥವಾಗಿದ್ದರೂ ನಮ್ಮ ಅತ್ಯಂತ ಹತ್ತಿರದ ನೆರೆಯವರ ವಿಷಯದಲ್ಲಿ ಅವು ಕುರುಡಾಗಿದ್ದುವು. ಈ ಇತಿಹಾಸ ದಕ್ಷಿಣದ ಊರುಗಳಲ್ಲಿಯೇ ನಡೆಯಬೇಕಾಗಿತ್ತು.

ಅದರ ಮೊದಲ ಪುಟ ನಮಗೆ ದೂರದ್ದಲ್ಲ. ಹರೂರಿನಿಂದ ನೇರ ಪೂರ್ವಕ್ಕೆ ಸುಮಾರು ನೂರೈವತ್ತು ಕಿಲೋಮೀಟರು ಹೋದರೆ ಪುದುಚೇರಿ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಸಯಾಮ್ ದೇಶದಲ್ಲಿದ್ದ ಜೆಸ್ಯುಯಿಟ್ ಪಾದ್ರಿ ಜ್ಯಾನ್ ರಿಷೋ ಎಂಬವರು ಅಲ್ಲಿ ೧೬೮೮ರಲ್ಲಿ ನಡೆದ ರಾಜಕ್ರಾಂತಿಯ ದೆಸೆಯಿಂದ ಹೊರಟು ಪುದುಚೇರಿಗೆ ಬಂದು ನೆಲೆಸಿದ್ದರು. ೧೬೮೯ರ ಡಿಸೆಂಬರಿನಲ್ಲಿ ಒಂದು ಧೂಮಕೇತುವನ್ನು ದೂರದರ್ಶಕದಿಂದ ವೀಕ್ಷಿಸುತ್ತಿದ್ದಾಗ ಅವರು ಕಿನ್ನರದ ಈ ದೊಡ್ಡ ನಕ್ಷತ್ರವನ್ನೂ ನೋಡಿದರು. ಬರಿಗಣ್ಣಿಗೆ ಒಂದಾಗಿದ್ದದ್ದು ಮಸೂರದಲ್ಲಿ ಎರಡಾಗಿ ಕಂಡಿತು. ಭಾರತದ ನೆಲದಲ್ಲಿ ದೂರದರ್ಶಕದಿಂದ ದೊರೆತ ಮೊದಮೊದಲ ಶೋಧಗಳಲ್ಲಿ ಇದೊಂದು. ನಾವು ಕಾಣುವ ಎತ್ತರದಲ್ಲಿಯೇ ಅವರೂ ಅದನ್ನು ಕಂಡರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬಹುದು. ಆದರೆ ಆ ಜೋಡಿಗೆ ಮೂರನೆಯದೊಂದು ಜೊತೆಯಿರುವುದು ಅವರಿಗೆ ಗೊತ್ತಾಗುವಂತಿರಲಿಲ್ಲ. ಅದು ತಿಳಿಯಲು ಇನ್ನೂ ೨೨೬ ವರ್ಷ ಹಿಡಿಯಿತು.

ಒಂದು ನಕ್ಷತ್ರ ಹತ್ತಿರದ್ದೆಂದು ಹೇಳಬೇಕಾದರೆ ದೂರವನ್ನು ಅಳೆಯಬೇಕು. ಕಾಂತಿಯನ್ನು ನೋಡಿ ಹೇಳಲಾಗದು. ಹೆಬ್ಬೆರಳನ್ನು ಮುಖದ ಮುಂದೆ ಚಾಚಿ, ಒಮ್ಮೆ ಎಡಗಣ್ಣನ್ನು, ಒಮ್ಮೆ ಬಲಗಣ್ಣನ್ನು ಮುಚ್ಚಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಸರಿದಂತೆ ತೋರುತ್ತದಷ್ಟೆ. ನಮ್ಮ ಜ್ಯೋತಿಷ ಸಿದ್ಧಾಂತಗಳಲ್ಲಿ ಇದಕ್ಕೆ ಲಂಬನವೆಂದು ಹೆಸರು. ಭೂಮಿ ಸೂರ್ಯನ ಸುತ್ತ ಆರು ತಿಂಗಳಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಹತ್ತಿರದ ನಕ್ಷತ್ರವೂ ದೂರದವುಗಳ ಹಿನ್ನೆಲೆಯಲ್ಲಿ ಹೀಗೆಯೇ ಸರಿಯಬೇಕು. ಆದರೆ ಆ ಸರಿತ ಎಷ್ಟು ಅಲ್ಪವೆಂದರೆ, ಪ್ರಾಕ್ಸಿಮಾದ ಲಂಬನ ಒಂದು ಅಂಶದ ಮೂರು ಸಾವಿರದ ಆರುನೂರನೆಯ ಭಾಗಕ್ಕಿಂತಲೂ ಕಡಿಮೆ: ೦.೭೭ ವಿಕಲೆ. ಒಂದಂಗುಲ ಅಗಲದ ನಾಣ್ಯವನ್ನು ಸುಮಾರು ಏಳು ಕಿಲೋಮೀಟರು ದೂರದಲ್ಲಿಟ್ಟು ನೋಡಿದಾಗ ಅದು ತೋರುವಷ್ಟು ಅಗಲ ಇದು. ಅತ್ಯಂತ ಸಮೀಪದ್ದರ ಗತಿಯೇ ಹೀಗಾದರೆ ಉಳಿದವುಗಳ ಮಾತೇನು?

ಆಫ್ರಿಕದ ದಕ್ಷಿಣ ತುದಿಯ ಕೇಪ್ ವೇಧಶಾಲೆಯಲ್ಲಿ ಥಾಮಸ್ ಹೆಂಡರ್‌ಸನ್ ೧೮೩೨-೩೩ರಲ್ಲಿ ಆಲ್ಫಾ ಸೆಂಟಾರಿಯ ಸ್ಥಾನವನ್ನು ಮತ್ತೆ ಮತ್ತೆ ಅಳೆದರು. ಅಳತೆಯಲ್ಲಿ ಲಂಬನ ಹುದುಗಿತ್ತು. ಆದರೆ ತಪ್ಪಾಗಿರಬಹುದೆಂಬ ಅಳುಕಿನಿಂದ ಅವರು ಬಹುಕಾಲ ಪ್ರಕಟಿಸಲಿಲ್ಲ. ಅಷ್ಟರಲ್ಲಿ ೧೮೩೮ರಲ್ಲಿ ಜರ್ಮನಿಯ ಬೆಸೆಲ್ ಇನ್ನೊಂದು ನಕ್ಷತ್ರದ ದೂರವನ್ನು ಸಾರಿ, ಮೊದಲಿಗನೆಂಬ ಕೀರ್ತಿಯನ್ನು ಪಡೆದುಬಿಟ್ಟ. ಹೆಂಡರ್‌ಸನ್ನರ ಲೆಕ್ಕ ೧೮೩೯ರಲ್ಲಿ ಹೊರಬಂತು. ಅವರ ಸಂಕೋಚವನ್ನು ನಾವು ದೂರಲಾರೆವು. ತಪ್ಪನ್ನು ಆತುರದಿಂದ ಸಾರಿದವರೂ ಈ ಕಥೆಯಲ್ಲಿದ್ದಾರೆ. ಮದರಾಸಿನ ವೇಧಶಾಲೆಯ ಮುಖ್ಯಸ್ಥರಾಗಿದ್ದ ಕ್ಯಾಪ್ಟನ್ ಜೇಕಬ್ ಯಮಳ ನಕ್ಷತ್ರಗಳನ್ನು ಅಳೆಯುವುದರಲ್ಲಿ ನಿಪುಣರು. ಅವರು ೧೮೫೫ರಲ್ಲಿ '೭೦ ಒಫಿಯೂಕಿ' ಎಂಬ ಜೋಡಿಯ ಚಲನೆಯಲ್ಲಿ ಕಂಡ ವ್ಯತ್ಯಾಸವನ್ನು ಕಣ್ಣಿಗೆ ಕಾಣದ ಒಂದು ಗ್ರಹದ ಪ್ರಭಾವವೆಂದು ಊಹಿಸಿದರು. ಆ ಗ್ರಹ ಇರಲಿಲ್ಲ.

ಇನ್ನು ಮುಖ್ಯ ಪುರುಷನಿಗೆ ಬರೋಣ. ರಾಬರ್ಟ್ ಇನ್ನೆಸ್ ೧೮೬೧ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದವರು. ಹನ್ನೆರಡನೆಯ ವಯಸ್ಸಿಗೇ ಶಾಲೆಯನ್ನು ಬಿಟ್ಟವರು. ಗಣಿತವನ್ನೂ ಖಗೋಳಶಾಸ್ತ್ರವನ್ನೂ ತಾವಾಗಿಯೇ ಕಲಿತರು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ದ್ರಾಕ್ಷಾಮದ್ಯದ ವ್ಯಾಪಾರ ಮಾಡುತ್ತ, ರಾತ್ರಿ ಹೊತ್ತು ಯಮಳ ನಕ್ಷತ್ರಗಳನ್ನು ಹುಡುಕುತ್ತಿದ್ದರು. ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರವನ್ನು ಬಿಟ್ಟು, ೧೮೯೬ರಲ್ಲಿ ಕೇಪ್ ವೇಧಶಾಲೆಯ ಕಚೇರಿಯಲ್ಲಿ ಕಾರ್ಯದರ್ಶಿಯ ಸಣ್ಣ ಕೆಲಸಕ್ಕೆ ಸೇರಿದರು. ನಕ್ಷತ್ರ ನೋಡುವುದು ಅಲ್ಲಿಯೂ ಅವರ ಸಂಬಳದ ಕೆಲಸವಾಗಿರಲಿಲ್ಲ. ೧೯೦೩ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಹೊಸದಾಗಿ ಏರ್ಪಟ್ಟ ವೀಕ್ಷಣಾಲಯಕ್ಕೆ ನಿರ್ದೇಶಕರಾದರು. ಹವಾಮಾನ ನೋಡಲೆಂದು ಹುಟ್ಟಿದ ಆ ಸಂಸ್ಥೆಯನ್ನು ನಕ್ಷತ್ರಗಳ ಕಡೆಗೆ ತಿರುಗಿಸಿದವರು ಅವರೇ. ೧೯೧೨ರಿಂದ ಅದಕ್ಕೆ ಯೂನಿಯನ್ ವೇಧಶಾಲೆ ಎಂಬ ಹೆಸರಾಯಿತು.

ಅಲ್ಲಿ ಅವರ ಬಳಿ ಒಂದು ಯಂತ್ರವಿತ್ತು. ಆಕಾಶದ ಒಂದೇ ಭಾಗವನ್ನು ಕೆಲವು ವರ್ಷಗಳ ಅಂತರದಲ್ಲಿ ಗಾಜಿನ ಫಲಕಗಳ ಮೇಲೆ ಛಾಯಾಚಿತ್ರ ತೆಗೆದು, ಎರಡನ್ನೂ ಅದರಲ್ಲಿಟ್ಟು ಒಂದೇ ಕಣ್ಣುಕೊಳವೆಯಲ್ಲಿ ನೋಡಬೇಕು. ಒಮ್ಮೆ ಒಂದು ಫಲಕ, ಮರುಕ್ಷಣ ಇನ್ನೊಂದು, ಹೀಗೆ ಮಿಣುಕಿಸುತ್ತಿದ್ದರೆ ಸಾವಿರಾರು ನಕ್ಷತ್ರಗಳು ಅಲುಗಾಡದೆ ನಿಂತಿರುತ್ತವೆ; ನಡುವಿನ ವರ್ಷಗಳಲ್ಲಿ ಸ್ಥಳ ಬದಲಿಸಿದ್ದು ಮಾತ್ರ ಹಿಂದಕ್ಕೂ ಮುಂದಕ್ಕೂ ನೆಗೆಯುತ್ತದೆ. ಆಲ್ಫಾ ಸೆಂಟಾರಿ ವರ್ಷಕ್ಕೆ ಮೂರೂಮುಕ್ಕಾಲು ವಿಕಲೆಯಷ್ಟು ಜರುಗುತ್ತದೆಂಬುದು ಆಗಲೇ ತಿಳಿದಿತ್ತು. ಅದರೊಡನೆ ಅದೇ ದಿಕ್ಕಿಗೆ ಅದೇ ವೇಗದಿಂದ ನಡೆಯುವ ಬೇರೆ ನಕ್ಷತ್ರವೇನಾದರೂ ಸುತ್ತಮುತ್ತ ಇದೆಯೇ ಎಂಬುದು ಇನ್ನೆಸರ ಪ್ರಶ್ನೆ. ೧೯೧೦ರ ಮತ್ತು ೧೯೧೫ರ ಫಲಕಗಳನ್ನಿಟ್ಟು ಅವರು ಹುಡುಕಿದರು. ಒಂದು ಅತಿ ಮಸುಕಾದ ಚುಕ್ಕೆ ನೆಗೆಯಿತು. ಆಲ್ಫಾದಿಂದ ಅದು ಎರಡು ಅಂಶಗಳಿಗಿಂತ ತುಸು ಹೆಚ್ಚು ದೂರದಲ್ಲಿತ್ತು. ಎಂದರೆ ನಡುವೆ ನಾಲ್ಕು ಪೂರ್ಣಚಂದ್ರರನ್ನು ಸಾಲಾಗಿ ಇಡಬಹುದು. ಅಷ್ಟು ದೂರದ ಮಸುಕು ಚುಕ್ಕೆಯನ್ನು ಆ ದೊಡ್ಡ ನಕ್ಷತ್ರದ ಬಂಧುವೆಂದು ಯಾರು ಶಂಕಿಸಿಯಾರು? ಅದು ನಮ್ಮ ಬರಿಗಣ್ಣಿನ ಎಲ್ಲೆಗಿಂತ ನೂರು ಪಾಲು ಮಸುಕಾದ, ಹನ್ನೊಂದನೆಯ ದರ್ಜೆಯ ನಕ್ಷತ್ರ. ೧೯೧೫ರ ಅಕ್ಟೋಬರಿನಲ್ಲಿ ಇನ್ನೆಸ್ ಇದನ್ನು ಒಂದು ಸಣ್ಣ ಪತ್ರಕದಲ್ಲಿ ಅಚ್ಚುಹಾಕಿಸಿದರು. ಜಗತ್ತು ಮಹಾಯುದ್ಧದಲ್ಲಿ ಮುಳುಗಿದ್ದ ಕಾಲವದು.

ಅದು ಆಲ್ಫಾಗಿಂತಲೂ ಹತ್ತಿರವೇ ಎಂಬುದು ಮುಂದಿನ ವಿವಾದ. ಕೇಪಿನಲ್ಲಿದ್ದ ಡಚ್ ಖಗೋಳಜ್ಞ ವೌಟೆ ೧೯೧೭ರಲ್ಲಿ ಲಂಬನವನ್ನು ಅಳೆದು, ಎರಡೂ ಸರಿಸುಮಾರು ಒಂದೇ ದೂರದಲ್ಲಿವೆಯೆಂದು ಮಾತ್ರ ಹೇಳಿದರು. ಅದೇ ವರ್ಷ ಇನ್ನೆಸ್ ಇನ್ನೂ ಮುಂದೆ ಹೋಗಿ, ಇದೇ ಅತ್ಯಂತ ಸಮೀಪದ್ದೆಂದು ನಿರ್ಣಯಿಸಿ, 'ಸಮೀಪತಮ' ಎಂಬರ್ಥದ ಲ್ಯಾಟಿನ್ ಪದ 'ಪ್ರಾಕ್ಸಿಮಾ'ವನ್ನು ಹೆಸರಾಗಿ ಸೂಚಿಸಿದರು. ಅವರ ಅಳತೆ ಅಷ್ಟು ದೊಡ್ಡ ಮಾತಿಗೆ ಸಾಲುವಂತಹುದಾಗಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ. ನಿರ್ಣಯ ಸರಿಯಾದದ್ದು ಅವರ ಅದೃಷ್ಟ. ೧೯೨೮ರಲ್ಲಿ ಹೆರಾಲ್ಡ್ ಆಲ್ಡನ್ ಮಾಡಿದ ಸೂಕ್ಷ್ಮ ಅಳತೆ ಆ ಹೆಸರನ್ನು ಗಟ್ಟಿಮಾಡಿತು. ಇಂದಿನ ಲೆಕ್ಕದಂತೆ ಪ್ರಾಕ್ಸಿಮಾ ೪.೨೫ ಜ್ಯೋತಿರ್ವರ್ಷ, ಎಂದರೆ ಸುಮಾರು ೪೦ ಲಕ್ಷ ಕೋಟಿ ಕಿಲೋಮೀಟರು ದೂರದಲ್ಲಿದೆ. ಆಲ್ಫಾದ ಜೋಡಿ ಅದರಾಚೆ ಜ್ಯೋತಿರ್ವರ್ಷದ ಹತ್ತನೆಯ ಒಂದು ಭಾಗದಷ್ಟು ಹಿಂದಿದೆ. ಆ ಜೋಡಿಯನ್ನು ಒಂದು ಸುತ್ತು ಬರಲು ಪ್ರಾಕ್ಸಿಮಾಗೆ ಸುಮಾರು ಐದೂವರೆ ಲಕ್ಷ ವರ್ಷಗಳು ಬೇಕು.

ಈಗ ಹುಡುಗನ ಪ್ರಶ್ನೆಗೆ ಬರಬಹುದು. ಪ್ರಾಕ್ಸಿಮಾ ಕಾಣದಿರುವುದು ಅದರ ಬಡತನದಿಂದ. ಸೂರ್ಯನ ದ್ರವ್ಯದ ಎಂಟನೆಯ ಒಂದು ಪಾಲು ಮಾತ್ರ ಅದರಲ್ಲಿದೆ; ಅದರ ವ್ಯಾಸ ಗುರುಗ್ರಹದ ಒಂದೂವರೆಯಷ್ಟು. ದ್ರವ್ಯ ಕಡಿಮೆಯಾದ್ದರಿಂದ ಒಡಲಿನ ಒತ್ತಡವೂ ತಾಪವೂ ಕಡಿಮೆ. ಜಲಜನಕ ಬಹು ನಿಧಾನವಾಗಿ ಹೀಲಿಯಮ್ ಆಗುತ್ತದೆ. ಮೇಲ್ಮೈಯ ತಾಪ ಮೂರು ಸಾವಿರ ಕೆಲ್ವಿನ್ ಮಾತ್ರ, ಸೂರ್ಯನದಕ್ಕಿಂತ ಅರ್ಧದಷ್ಟು. ಅದು ಹೊರಸೂಸುವ ಅಲ್ಪಶಕ್ತಿಯಲ್ಲಿಯೂ ಬಹುಭಾಗ ಕಣ್ಣಿಗೆ ಕಾಣದ ಅವರಕ್ತ ಕಿರಣವಾಗಿ ಹೋಗುತ್ತದೆ. ಸೂರ್ಯನ ಸ್ಥಾನದಲ್ಲಿ ಅದನ್ನು ನಿಲ್ಲಿಸಿದರೆ ನಮ್ಮ ನಡುಹಗಲಿಗೆ ಇಪ್ಪತ್ತು ಹುಣ್ಣಿಮೆಗಳ ಬೆಳಕಷ್ಟೇ ದಕ್ಕೀತು! ಇಂತಹವಕ್ಕೆ ಕೆಂಪು ಕುಬ್ಜಗಳೆಂದು ಹೆಸರು. ಜ್ಯೇಷ್ಠಾ, ಆರ್ದ್ರಾ, ರೋಹಿಣಿ ಇವೂ ಕೆಂಪು ನಕ್ಷತ್ರಗಳೇ. ಆದರೆ ಅವು ದೈತ್ಯಗಳು, ಗೊಂದಲಕ್ಕೆ ಎಡೆಯಾಗಬಾರದು. ನಮ್ಮ ಆಕಾಶಗಂಗೆಯ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೆಂಪು ಕುಬ್ಜಗಳೇ ಆಗಿದ್ದು, ಅವುಗಳಲ್ಲಿ ಒಂದಾದರೂ ಬರಿಗಣ್ಣಿಗೆ ಎದ್ದು ಕಾಣದು. ಅಂಗಳದಲ್ಲಿ ಮಲಗಿ ನಾವು ಎಣಿಸುವ ನಕ್ಷತ್ರಗಳು ಜನಸಾಮಾನ್ಯರಲ್ಲ, ಶ್ರೀಮಂತರ ಕೇರಿ.

ಆದರೆ ಬಡವನ ಮಿತವ್ಯಯವೂ ಅದಕ್ಕುಂಟು. ಒಲೆಯ ಮೇಲಿನ ರಾಗಿ ಅಂಬಲಿ ತಳದಿಂದ ಮೇಲಿನವರೆಗೆ ಮಗುಚಿಕೊಳ್ಳುವಂತೆ ಈ ನಕ್ಷತ್ರದ ಒಡಲೆಲ್ಲ ಕದಡುತ್ತಿರುವುದರಿಂದ ಅದರ ಇಂಧನ ಬಹುಮಟ್ಟಿಗೆ ಪೂರ್ತಿಯಾಗಿ ಬಳಕೆಗೆ ಬರುತ್ತದೆ. ಸೂರ್ಯನ ಒಟ್ಟು ಆಯುಷ್ಯ ಸಾವಿರ ಕೋಟಿ ವರ್ಷಗಳಾದರೆ, ಪ್ರಾಕ್ಸಿಮಾ ಹಲವು ಲಕ್ಷ ಕೋಟಿ ವರ್ಷ ಉರಿಯಬಲ್ಲುದು. ಆ ಕದಡಾಟವೇ ಬಲವಾದ ಕಾಂತಕ್ಷೇತ್ರವನ್ನೂ ಹುಟ್ಟಿಸಿ, ನಕ್ಷತ್ರವನ್ನು ಆಗಾಗ ಥಟ್ಟನೆ ಭುಗಿಲೆಬ್ಬಿಸುತ್ತದೆ. ಹಾರ್ಲೋ ಶೇಪ್ಲಿ ೧೯೫೧ರಲ್ಲಿ ಹಳೆಯ ಫಲಕಗಳನ್ನು ಶೋಧಿಸಿ ಈ ಗುಣವನ್ನು ತೋರಿಸಿದರು.

ಅದಕ್ಕೆ ಗ್ರಹವೂ ಉಂಟೆಂದು ೨೦೧೬ರ ಆಗಸ್ಟಿನಲ್ಲಿ ತಿಳಿಯಿತು. ಚಿಲಿ ದೇಶದ ಲಾ ಸಿಲ್ಯ ಬೆಟ್ಟದ ದೂರದರ್ಶಕದಿಂದ ಅಂಗ್ಲಾಡಾ-ಎಸ್ಕುಡೆ ಮತ್ತು ಸಂಗಡಿಗರು ನಕ್ಷತ್ರದ ಬೆಳಕನ್ನು ವಿಭಜಿಸಿ ನೋಡಿದಾಗ, ಅದು ೧೧.೨ ದಿನಗಳಿಗೊಮ್ಮೆ ನಮ್ಮ ಕಡೆಗೂ ಆಚೆಗೂ ತೂಗುತ್ತಿರುವುದು ಕಂಡುಬಂತು. ಆ ತೂಗಾಟದ ವೇಗ ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ಕಡಿಮೆ: ಶಾಲೆಯಿಂದ ಮನೆಗೆ ಹೋಗುವ ಹುಡುಗನ ನಡಿಗೆ. ಜೇಕಬ್ಬರ ಊಹೆ ಮುಳುಗಿದಂತೆ ಇದು ಮುಳುಗಲಿಲ್ಲ. ೨೦೨೦ರಲ್ಲಿ ಇನ್ನೂ ಸೂಕ್ಷ್ಮವಾದ ಉಪಕರಣವೊಂದು ಇದನ್ನು ಸ್ಥಿರಪಡಿಸಿತು. ಗ್ರಹದ ಕನಿಷ್ಠ ತೂಕ ಹೆಚ್ಚುಕಡಿಮೆ ಭೂಮಿಯಷ್ಟೇ. ನಕ್ಷತ್ರದಿಂದ ದೂರ ಕೇವಲ ಎಪ್ಪತ್ತಮೂರು ಲಕ್ಷ ಕಿಲೋಮೀಟರು. ನೀರು ದ್ರವವಾಗಿ ಉಳಿಯಬಲ್ಲ ಶಾಖ ಅಲ್ಲಿಗೆ ತಲುಪುತ್ತದೆ. ಆದರೆ ಭುಗಿಲುಗಳ ಎದುರಿಗೆ ಅದರ ವಾಯುಮಂಡಲ ಉಳಿದಿದೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹರೂರಿನಿಂದ ಈಶಾನ್ಯಕ್ಕೆ, ನೇರವಾಗಿ ಅಳೆದರೆ ಸುಮಾರು ಎಪ್ಪತ್ತು ಕಿಲೋಮೀಟರು ದೂರದಲ್ಲಿ, ಜವಾದಿ ಬೆಟ್ಟಗಳ ಕಾವಲೂರಿನಲ್ಲಿಯೂ ಒಂದು ವೇಧಶಾಲೆಯಿದೆಯೆಂಬುದನ್ನು ಇಲ್ಲಿ ಹೇಳದೆ ಬಿಡಲಾರೆವು. ಉತ್ತರ ದಕ್ಷಿಣಗಳೆರಡರ ಆಕಾಶವೂ ದೊರೆಯುವ ಸ್ಥಳವನ್ನು ಅರಸಿ ವೈಣು ಬಾಪು ಅವರು ಆರಿಸಿದ ಜಾಗವದು. ೧೯೬೮ರಲ್ಲಿ ಮೂವತ್ತೆಂಟು ಸೆಂಟಿಮೀಟರಿನ ದೂರದರ್ಶಕದಿಂದ ಅಲ್ಲಿ ಕೆಲಸ ಮೊದಲಾಯಿತು. ಅವರು ೧೯೮೨ರಲ್ಲಿ ತೀರಿಕೊಂಡರು. ಅವರು ಯೋಜಿಸಿದ ೨.೩೪ ಮೀಟರಿನ ದರ್ಪಣದ ದೂರದರ್ಶಕ ೧೯೮೬ರ ಜನವರಿಯಲ್ಲಿ ಅವರ ಹೆಸರನ್ನೇ ಹೊತ್ತಿತು. ಅದರ ದರ್ಪಣವನ್ನು ಉಜ್ಜಿ ಹದಮಾಡಿದ್ದು ಬೆಂಗಳೂರಿನಲ್ಲಿ. ಅದೇ ಬೆಟ್ಟದಲ್ಲಿ ೧೯೮೮ರಲ್ಲಿ ರಾಜಮೋಹನ್ ಅವರು ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ಅದಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರಿಟ್ಟಿದ್ದಾರೆ.

ಇನ್ನೊಂದು ಸಂಗತಿಯುಂಟು, ಅದನ್ನು ಆ ಹುಡುಗನಿಗೆ ಹೇಳಬೇಕೆಂದು ನಮಗೆ ಆಸೆ. ೨೦೧೬ರ ಮಾರ್ಚಿನಲ್ಲಿ ಪ್ರಾಕ್ಸಿಮಾ ಎಂದೂ ಇಲ್ಲದಂತೆ ಭುಗಿಲೆದ್ದು, ತನ್ನ ಸಹಜ ಕಾಂತಿಯ ಸುಮಾರು ಅರವತ್ತೆಂಟು ಪಟ್ಟು ಬೆಳಗಿತು. ಚಿಲಿಯಲ್ಲಿದ್ದ ಸ್ವಯಂಚಾಲಿತ ದೂರದರ್ಶಕಗಳು ಅದನ್ನು ದಾಖಲಿಸಿದುವು. ಗಾಢ ಕತ್ತಲೆಯ ಜಾಗದಲ್ಲಿ ಬಹು ಚುರುಕಾದ ಕಣ್ಣುಳ್ಳವರು ಆ ಹೊತ್ತಿಗೆ ಸರಿಯಾಗಿ ಆ ಕಡೆಗೇ ನೋಡುತ್ತಿದ್ದಿದ್ದರೆ, ಯಾವ ಉಪಕರಣವೂ ಇಲ್ಲದೆ ಕೆಲವು ನಿಮಿಷ ಅದನ್ನು ಕಂಡಿರಬಹುದಾಗಿತ್ತು. ಆಗ ಚಿಲಿಯಲ್ಲಿ ರಾತ್ರಿ. ಹರೂರಿನಲ್ಲಿ ಮಧ್ಯಾಹ್ನದ ಎರಡು ಗಂಟೆ. ಮಕ್ಕಳು ತರಗತಿಯಲ್ಲಿ ಕುಳಿತಿದ್ದರು.