ಕಾರುಗಳ ಬಾಳಿಕೆ: ಹಳೆಯವು ಮತ್ತು ಹೊಸವು (ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು)

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಬಹುಕಾಲ ಕಾರೆಂದರೆ ಅಂಬಾಸಿಡರ್, ಇಲ್ಲವೇ ಫಿಯಟ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಹೆಚ್ಚೇನೂ ಚಹರೆ ಬದಲಿಸದೆ ತಯಾರಾಯಿತು. ಫಿಯಟ್ 1100 ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು.

ಆ ಗಾಡಿಗಳು ಕೆಡುತ್ತಲೇ ಇರಲಿಲ್ಲ ಎಂದು ಹಳಬರು ಹೇಳುವುದುಂಟು. ಕೆಡುತ್ತಿದ್ದವು, ಮತ್ತೆ ಮತ್ತೆ ಕೆಡುತ್ತಿದ್ದವು. ಬೇಸಿಗೆಯಲ್ಲಿ ಇಂಜಿನ್ನಿನ ಕಾವಿಗೆ ಪೆಟ್ರೋಲು ಗಾಡಿಯ ಇಂಧನ ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಡ್ರೈವರು ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಬೀಡಿಯೊಂದು ಮುಗಿಯುವಷ್ಟು ಹೊತ್ತು ಕಾದು ಮತ್ತೆ ಸೆಲ್ಫ್ ಹೊಡೆಯುತ್ತಿದ್ದ. ಡಿಸ್ಟ್ರಿಬ್ಯೂಟರಿನ ಪಾಯಿಂಟು ಸುಟ್ಟು ಕಪ್ಪಾದರೆ ಎಮರಿ ಕಾಗದದಲ್ಲಿ ಉಜ್ಜಿ, ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಸಂದು ಬಿಟ್ಟರೆ ಕಿಡಿ ಮರಳುತ್ತಿತ್ತು. ಕುಶಾಲನಗರ ದಾಟಿ ಮಡಿಕೇರಿಯ ಏರು ಹತ್ತುವವರ ಡಿಕ್ಕಿಯಲ್ಲಿ ರೇಡಿಯೇಟರಿಗೆಂದೇ ನೀರಿನ ಕ್ಯಾನು ಇರುತ್ತಿತ್ತು. ಹಳೆಯ ಕಾರಿನ ಹೆಗ್ಗಳಿಕೆ ಕೆಡದಿರುವುದರಲ್ಲಿ ಇರಲಿಲ್ಲ. ಕೆಟ್ಟಲ್ಲೇ, ಸ್ಪ್ಯಾನರು ಸ್ಕ್ರೂಡ್ರೈವರುಗಳಲ್ಲೇ ಸರಿಹೋಗುವುದರಲ್ಲಿತ್ತು. ನೆನಪು ಇವೆರಡನ್ನೂ ಬೆರೆಸಿಬಿಟ್ಟಿದೆ.

1983ರ ಡಿಸೆಂಬರಿನಲ್ಲಿ ಬಂದ 796 ಸಿ.ಸಿ.ಯ ಮಾರುತಿ 800, ಕೀಲಿ ತಿರುಗಿಸಿದೊಡನೆ ಹೊರಡುವ ಕಾರಿನ ರುಚಿ ಹತ್ತಿಸಿತು. 2000ದ ಸುಮಾರಿಗೆ ಹೊಗೆ ನಿಯಮಗಳು ಬಿಗಿಯಾದಂತೆ ಪೆಟ್ರೋಲು ಕಾರುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಷನ್ ಬಂತು. ಈ ನಿಯಮಗಳ ಬಿಎಸ್-4 (ಭಾರತ್ ಸ್ಟೇಜ್) ಹಂತ ದೇಶವಿಡೀ ಜಾರಿಯಾದದ್ದು 2017ರ ಏಪ್ರಿಲಿನಲ್ಲಿ, ಬಿಎಸ್-6 2020ರ ಏಪ್ರಿಲಿನಲ್ಲಿ. ಈಗ ಹಲವು ಕಾರುಗಳಿಗೆ 10,000 ಕಿ.ಮೀ.ಗೊಮ್ಮೆ ಸರ್ವಿಸ್ ಸಾಕು. ಇಂಜಿನ್ ಬೋರ್ ಮಾಡಿಸುವ ಮಾತೇ ಅಪರೂಪ.

ಕೆಡುವ ಬಗೆ ಮಾತ್ರ ಬದಲಾಗಿದೆ. ಭತ್ತದ ಸೀಮೆಯಾದ ಕೆ.ಆರ್. ನಗರದಲ್ಲಿ ಹುಲ್ಲಿನ ಮೆದೆಯ ಪಕ್ಕ ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿದರೆ, ಯಾವ ಎಳೆ ತುಂಡಾಯಿತೆಂದು ಹುಡುಕಲು ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕಾಗಬಹುದು. ರಾತ್ರಿ ಸಂಚಾರ ನಿಷೇಧವಿರುವ ಎಚ್.ಡಿ. ಕೋಟೆಯ ಬಳ್ಳೆ–ಬಾವಲಿ ಕಾಡುದಾರಿಯಲ್ಲಿ ಸಂಜೆಯ ಹೊತ್ತು ಸೆನ್ಸರ್ ಕೈಕೊಟ್ಟರೆ ಒದ್ದೆ ಬಟ್ಟೆಯಿಂದ ಏನೂ ಆಗದು. ಟೋಯಿಂಗ್ ಗಾಡಿಯೇ ಬರಬೇಕು.

ಉಳಿದ ಹಳೆಯ ಕಾರುಗಳಿಗೆ ಈಗಿನ ತೊಡಕು ರಿಪೇರಿಯದಷ್ಟೇ ಅಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಆ ಕಾಲದ ರಬ್ಬರ್ ಪೈಪು, ವಾಷರುಗಳಿಗೆ ಒಗ್ಗುವುದಿಲ್ಲ.